ಅಪ್ಪನ ಪ್ಲೇಟು, ಅಮ್ಮನ ನಡಿಗೆ: ನಿಮಗೆಲ್ಲ ಒಂದು ಥ್ಯಾಂಕ್ಸ್

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಅಮ್ಮ ಈಗ ವಾಕರ್ ಇಲ್ಲದೆ ನಡೆಯುತ್ತಿದ್ದಾಳೆ. ಮೊನ್ನೆ ಬೀದಿ ಕೊನೆಯ ಅಂಗಡಿಗೆ ಒಬ್ಬಳೇ ಹೋಗಿ ಕರಿಬೇವು ತಂದಳು. ಚಿಲ್ಲರೆ ಸರಿಯಾಗಿ ಕೊಡಲಿಲ್ಲ ಅಂತ ಅಂಗಡಿಯವನ ಜೊತೆ ಜಗಳ ಬೇರೆ ಆಡಿ ಬಂದಳು. ಎಕ್ಸ್‌ರೇಗಿಂತ ನನಗೆ ಆ ಜಗಳದ ಮೇಲೆ ಜಾಸ್ತಿ ನಂಬಿಕೆ.

ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಅದಕ್ಕೆ ಇಲ್ಲೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಂತ ಕೆಲವರು ಅಂದಿದ್ದೀರಿ, ಹಾಗಾಗಿ ಯಾರ ಹೆಸರೂ ಹಾಕಿಲ್ಲ. ಓದಿದರೆ ಯಾರು ಏನು ಅಂತ ತಿಪಟೂರಿನವರಿಗೆ ಗೊತ್ತಾಗಿಯೇ ಆಗುತ್ತೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನ ಕಥೆ. ಅಪ್ಪ ಹೋಗಿ ವರ್ಷ ತುಂಬುವ ಮುಂಚೆಯೇ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗೇ ಆಯಿತು. ಕಷ್ಟ ಶುರುವಾಗಿದ್ದು ಮನೆಗೆ ಬಂದ ಮೇಲೆ. ದಿನಾ ನಡೆಸಿ, ಮಲಗಿದಷ್ಟೂ ಕಾಲಿನ ಶಕ್ತಿ ಹೋಗುತ್ತೆ ಅಂತ ಫಿಸಿಯೋದವರು ಹೇಳಿಹೋದರು. ಅಮ್ಮ ಏಳಲೇ ಇಲ್ಲ. ನೋವಿಗೆ ಹೆದರಿ ಅಲ್ಲ. "ಎದ್ದು ಎಲ್ಲಿಗೆ ಹೋಗಬೇಕಾಗಿದೆ ಈಗ" ಅನ್ನುತ್ತಿದ್ದಳು. ಅದಕ್ಕೆ ನನ್ನ ಹತ್ತಿರ ಏನು ಉತ್ತರ ಇತ್ತು? ಬೈದೆ, ಬೇಡಿಕೊಂಡೆ, ಮೊಮ್ಮಕ್ಕಳನ್ನು ಛೂ ಬಿಟ್ಟೆ. ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು.

ಮೊದಲ ಥ್ಯಾಂಕ್ಸ್ ಹೆಂಚು ಕೈಯಾಡಿಸಲು ಬಂದ ಹುಡುಗರಿಗೆ. ಅಟ್ಟದ ಮೂಲೆಯಲ್ಲಿ ಎರಡು ಟ್ರಂಕು ಇವೆ, ಗುಜರಿಗೆ ಹಾಕೋಣವಾ ಅಂತ ಕೇಳಿದರು. ಹಾಕುವ ಮುಂಚೆ ಕೇಳಿದರಲ್ಲ, ಅದೇ ದೊಡ್ಡದು. ಇಳಿಸಿ ತೆಗೆದರೆ ಒಳಗೆಲ್ಲ ಗ್ರಾಮಫೋನ್ ಪ್ಲೇಟುಗಳು. ನಿಮಿಷಕ್ಕೆ 78 ಸುತ್ತು ತಿರುಗುವ 78ರ ಭಾರದ ಅರಗಿನ ಪ್ಲೇಟುಗಳು, 45ರ ಚಿಕ್ಕವು, ಮೇಲುಗಡೆ ಒಂದಿಷ್ಟು 33ರ ಎಲ್‌ಪಿಗಳು. ಅಪ್ಪನ ಮೈಕ್ ಸೆಟ್ಟಿನ ಸಾಮಾನು.

ಈಗಿನ ಹುಡುಗರಿಗೆ ಮೈಕ್ ಸೆಟ್ ಅಂದರೆ ಏನು ಅಂತ ಹೇಳಲೇಬೇಕು. ಆಗ ಮದುವೆ, ಜಾತ್ರೆ, ಗಣಪತಿ ಕೂರಿಸುವುದು ಏನೇ ಇರಲಿ, ಚಪ್ಪರದವರನ್ನು ಮಾತಾಡಿಸಿದ ಮೇಲೆ ಮಾತಾಡಿಸುತ್ತಿದ್ದದ್ದು ಮೈಕ್ ಸೆಟ್ಟಿನವರನ್ನು. ಅಪ್ಪ ಅಹುಜಾ ಆಂಪ್ಲಿಫೈಯರ್, ಎರಡು ಹಾರನ್, ಪ್ಲೇಟಿನ ಟ್ರಂಕು ಎಲ್ಲವನ್ನೂ ಗಾಡಿಯಲ್ಲೋ ಬಸ್ಸಿನ ಮೇಲೋ ಹೇರಿಕೊಂಡು ಹೋಗುತ್ತಿದ್ದ. ಕರೆಂಟ್ ಇಲ್ಲದ ಊರಾದರೆ ಕಾರಿನ ಬ್ಯಾಟರಿಯೂ ಜೊತೆಗೆ. ನಮ್ಮ ಕಡೆ ಕಂಬ ಯಾಕೆ ಬೇಕು, ತೆಂಗಿನ ಮರವೇ ಇದೆಯಲ್ಲ. ಹಾರನ್ ಮರದ ತುದಿಗೆ ಏರಿತು ಅಂದರೆ ಸುತ್ತಲಿನ ಊರಿಗೆಲ್ಲ ಮದುವೆ ಗೊತ್ತಾಯಿತು ಅಂತ ಲೆಕ್ಕ. ಬೆಳಗಿನ ಜಾವ ಸುಬ್ಬುಲಕ್ಷ್ಮಿಯವರ ಸುಪ್ರಭಾತ. ಆಮೇಲೆ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ. ನಡುನಡುವೆ ಬಿಸಿನೀರು ಕಾದಿದೆ, ಬೀಗರು ಸ್ನಾನಕ್ಕೆ ಬರಬೇಕು ಅನ್ನುವ ಅನೌನ್ಸ್‌ಮೆಂಟು. ಕ್ಯಾಸೆಟ್ ಬರುವವರೆಗೂ ನಮ್ಮ ಮನೆ ನಡೆದದ್ದು ಇದರಿಂದಲೇ.

ಪ್ಲೇಟಿಗಿಂತ ನನ್ನನ್ನು ಹಿಡಿದು ಕೂರಿಸಿದ್ದು ಕವರುಗಳು. ಕಂಪನಿಯ ಕಾಗದದ ಕವರು ಒಂದೆರಡು ವರ್ಷಕ್ಕೇ ಹರಿದುಹೋಗುತ್ತಿತ್ತಂತೆ. ಆಮೇಲೆ ಅಮ್ಮ ಹಳೇ ಕ್ಯಾಲೆಂಡರು, ಸೀರೆ ಡಬ್ಬದ ರಟ್ಟು, ಸಿಕ್ಕಿದ್ದರಲ್ಲೆಲ್ಲ ಹೊಸ ಕವರು ಹೊಲಿದಿದ್ದಾಳೆ. ಅದರ ಮೇಲೆ ಅಪ್ಪ ಪೆನ್ಸಿಲ್ಲಿನಲ್ಲಿ ಬರೆದಿದ್ದಾನೆ. ಪ್ಲೇಟು ಹಾಕುವ ಹುಡುಗನಿಗೆ ಸೂಚನೆ. "ಎರಡನೇ ಮಗ್ಗುಲು ನಡುವೆ ಸಿಕ್ಕಿಕೊಳ್ಳುತ್ತೆ, ಬೆರಳಲ್ಲಿ ಮೆಲ್ಲಗೆ ತಳ್ಳು." "ಬೀಗರು ಊಟಕ್ಕೆ ಕೂತ ಮೇಲೆ." "ನೊಣವಿನಕೆರೆಯವರು ಕೇಳೇ ಕೇಳುತ್ತಾರೆ, ಮುಂಚೆಯೇ ಹಾಕಿಬಿಡು." ಒಂದರ ಮೇಲೆ ದಪ್ಪ ಅಕ್ಷರದಲ್ಲಿ, "ಹೆಣ್ಣೊಪ್ಪಿಸುವಾಗ ಹಾಕಬೇಡ. ಹೊನ್ನವಳ್ಳಿಯಲ್ಲಿ ಎಲ್ಲರೂ ಅತ್ತು ಅತ್ತು ಬಸ್ಸು ತಪ್ಪಿತು."

ಇದನ್ನು ಜೋರಾಗಿ ಓದಿದಾಗ ಅಮ್ಮ ಗೋಡೆ ಕಡೆಯಿಂದ ಈ ಕಡೆ ತಿರುಗಿದಳು. "ಬಸ್ಸು ತಪ್ಪಿದ್ದು ಅಳುವಿಂದ ಅಲ್ಲ, ನಿಮ್ಮಪ್ಪ ಎರಡನೇ ಸಲ ಪಾಯಸಕ್ಕೆ ಕೂತದ್ದರಿಂದ" ಅಂದಳು. ತಿಂಗಳುಗಳಲ್ಲಿ ಅಷ್ಟು ಉದ್ದದ ವಾಕ್ಯ ಅವಳ ಬಾಯಿಂದ ಕೇಳಿರಲಿಲ್ಲ.

ಸರಿ, ಇವನ್ನು ಹಾಡಿಸಬೇಕು ಅಂತ ಹೊರಟರೆ ಪ್ಲೇಯರ್ ಹೆಣ. ಮರದ ಪೆಟ್ಟಿಗೆಯ ಒಂದು ಕಡೆ ಗೆದ್ದಲು. ತಟ್ಟೆಯನ್ನು ತಿರುಗಿಸುವ ರಬ್ಬರ್ ಚಕ್ರ ಕಲ್ಲಾಗಿತ್ತು. ಎರಡು ಕಡೆ ಕೇಳಿದೆ, ಮಾಡಲ್ಲ ಅಂದರು. ಹೊಸದು ತಗೊಳ್ಳಿ ಸಾರ್ ಅಂದರು. ಆಗ ಸಿಕ್ಕಿದ್ದು ಅರಸೀಕೆರೆಯ ರೇಡಿಯೋ ರಿಪೇರಿ ಅಣ್ಣ. ಅಣ್ಣಾ, ನಿಮಗೆ ಎಷ್ಟು ಹೇಳಿದರೂ ಕಮ್ಮಿ. ಪೆಟ್ಟಿಗೆ ಬಿಚ್ಚಿದವರೇ, ಮುಳ್ಳು ಚೆನ್ನಾಗೇ ಇದೆ, ಮುಳ್ಳಿನ ಹಿಂದಿನ ಹರಳು ಸತ್ತಿದೆ ಅಂದರು. ಹಳೇ ಪ್ಲೇಯರುಗಳಲ್ಲಿ ರೋಷೆಲ್ ಸಾಲ್ಟ್ ಅನ್ನುವ ಉಪ್ಪಿನ ಹರಳು ಇರುತ್ತಂತೆ. ಮುಳ್ಳು ಗೆರೆಯಲ್ಲಿ ಅದುರಿದಂತೆ ಆ ಹರಳು ಸಣ್ಣಗೆ ಕರೆಂಟ್ ಹುಟ್ಟಿಸುತ್ತೆ, ಅದೇ ಆಂಪ್ಲಿಫೈಯರಿಗೆ ಹೋಗಿ ಹಾಡಾಗುತ್ತೆ. ಉಪ್ಪಲ್ವಾ, ತೇವ ಕುಡಿದರೆ ಕೆಟ್ಟುಹೋಗುತ್ತೆ. ಎಷ್ಟೋ ಮಳೆಗಾಲ ಅಟ್ಟದಲ್ಲಿ ಕಳೆದ ಉಪ್ಪು ಏನಾಗಬೇಕೋ ಅದೇ ಆಗಿತ್ತು. ತೇವಕ್ಕೆ ಜಗ್ಗದ ಸೆರಾಮಿಕ್ಕಿನದು ಬೇಕು ಅಂತ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು ತಂದವರೂ ಅವರೇ. 78ಕ್ಕೆ ದಪ್ಪ ಮುಳ್ಳು, ಎಲ್‌ಪಿಗೆ ಸಣ್ಣ ಮುಳ್ಳು, ಹಾಗಾಗಿ ಎರಡೂ ಇರುವ, ತಿರುವಿ ಹಾಕುವಂಥದ್ದೇ ಬೇಕಿತ್ತು. ಕೂಲಿ ಕೇಳಿದರೆ, "ನಿಮ್ಮಪ್ಪನ ಮೈಕ್ ಸೆಟ್ಟಲ್ಲೇ ನನ್ನ ಅಕ್ಕನ ಮದುವೆ ಆಗಿದ್ದು" ಅಂದರು. ದುಡ್ಡು ಆಮೇಲೆ ತಗೊಂಡರು ಅನ್ನಿ, ಆದರೂ.

ಪೆಟ್ಟಿಗೆ ಸರಿಮಾಡಿಕೊಟ್ಟ ಬಡಗಿ ಮಾವನಿಗೆ ಎರಡು ಥ್ಯಾಂಕ್ಸ್. ಒಂದು ಪೆಟ್ಟಿಗೆಗೆ. ಇನ್ನೊಂದು, ನಾನು ಬೂಷ್ಟು ಹಿಡಿದ ಪ್ಲೇಟುಗಳನ್ನು ಒರೆಸಲು ಸ್ಪಿರಿಟ್ ಬಾಟಲಿ ಹಿಡಿದು ಕೂತಾಗ ಓಡಿಬಂದು ತಡೆದದ್ದಕ್ಕೆ. "ಏಯ್, ಇದು ಅರಗು ಕಣಯ್ಯ, ಪಾಲಿಶ್‌ಗೆ ನಾವು ಅರಗನ್ನು ಕರಗಿಸೋದೇ ಸ್ಪಿರಿಟ್ಟಲ್ಲಿ" ಅಂದರು. ನಿಮ್ಮ ಮನೆಯಲ್ಲೂ 78ರ ಪ್ಲೇಟು ಇದ್ದರೆ ಇದೊಂದು ನೆನಪಿಡಿ. ಡಿಸ್ಟಿಲ್ಡ್ ವಾಟರ್, ಮೆತ್ತನೆ ಬಟ್ಟೆ, ಗೆರೆಯ ದಾರಿಯಲ್ಲೇ ಸುತ್ತ ಒರೆಸುವುದು, ನಡುವಿನ ಲೇಬಲ್ಲಿಗೆ ನೀರು ತಾಗಿಸದೇ ಇರುವುದು. ಅಷ್ಟು ಸಾಕು. ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ.

ಎದುರು ಮನೆಯ ಇಂಜಿನಿಯರಿಂಗ್ ಹುಡುಗಿಯನ್ನು ಮರೆತರೆ ಅಮ್ಮ ನನ್ನನ್ನು ಬಿಡಲ್ಲ. ಪ್ಲೇಯರ್ ತಿರುಗುತ್ತಿತ್ತು, ಆದರೆ ಹಾಡುಗಾರರಿಗೆಲ್ಲ ನಿದ್ದೆಗಣ್ಣು. ಸ್ಪೀಡು ಸರಿ ಇಲ್ಲ ಅಂತ ಗೊತ್ತು, ಎಷ್ಟು ಕಮ್ಮಿ ಅಂತ ಗೊತ್ತಿಲ್ಲ. ಈ ಹುಡುಗಿ ಕಂಪ್ಯೂಟರಿನಲ್ಲಿ ಒಂದು ದುಂಡನೆ ಕಾಗದ ಪ್ರಿಂಟ್ ಮಾಡಿ ತಂದಳು, ಸುತ್ತಲೂ ಕಪ್ಪು ಗೆರೆ. 33ಕ್ಕೆ 180 ಗೆರೆ, 78ಕ್ಕೆ 77. ನಮ್ಮ ಕರೆಂಟು 50 ಹರ್ಟ್ಜ್, ಹಳೇ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತೆ, ಸ್ಪೀಡು ಸರಿಯಾಗಿದ್ದರೆ ಆ ಬೆಳಕಿನಲ್ಲಿ ಗೆರೆಗಳು ನಿಂತುಬಿಟ್ಟ ಹಾಗೆ ಕಾಣುತ್ತೆ ಅಂತ ವಿವರಿಸಿದಳು. ನಮ್ಮನೆಯಲ್ಲಿ ಎಲ್ಲಾ ಎಲ್‌ಇಡಿ. ಕೊನೆಗೆ ದನದ ಕೊಟ್ಟಿಗೆಯಲ್ಲಿದ್ದ ಹಳೇ ಟ್ಯೂಬ್‌ಲೈಟ್ ಕೆಳಗೆ ಪ್ಲೇಯರ್ ಇಟ್ಟು ಸ್ಪೀಡು ಕೂರಿಸಿದೆವು. ಹಸುವಿಗೂ ಥ್ಯಾಂಕ್ಸ್.

ಇನ್ನು ನಡಿಗೆ. ಇದು ನನ್ನ ಐಡಿಯಾ ಅಲ್ಲ, ಫಿಸಿಯೋ ಹುಡುಗನದು. ನಿಮಿಷದ ಲೆಕ್ಕ ಹೇಳಿದರೆ ಅಮ್ಮ ಗಡಿಯಾರ ನೋಡಿ ನೋಡಿ ಸಿಡುಕುತ್ತಿದ್ದಳು. ಅವನು, "ಅಜ್ಜಿ, ಒಂದು ಹಾಡು ಮುಗಿಯೋವರೆಗೆ ನಿಂತ್ಕೊಳ್ಳಿ ಸಾಕು" ಅಂದ. 78ರ ಪ್ಲೇಟಿನ ಒಂದು ಮಗ್ಗುಲು ಸುಮಾರು 3 ನಿಮಿಷ. ಮೊದಮೊದಲು ಅದೇ ದೊಡ್ಡ ಪರ್ವತ. ವಾಕರ್ ಹಿಡಿದು ನಿಲ್ಲುವುದು, ಪಲ್ಲವಿ ತಿರುಗಿ ಬಂದಾಗ ಒಂದು ಹೆಜ್ಜೆ. ಆಮೇಲೆ 45ರ ಚಿಕ್ಕ ಪ್ಲೇಟು, ಒಂದು ಮಗ್ಗುಲಿಗೆ ಎರಡು ಹಾಡು, ಹಾಲಿನಿಂದ ಅಡುಗೆಮನೆಗೆ ಹೋಗಿ ವಾಪಸ್ಸು. ಎಲ್‌ಪಿಗೆ ಬಂದ ದಿನ ಮನೆಯಲ್ಲಿ ಹಬ್ಬ. ಒಂದು ಮಗ್ಗುಲು ಹೆಚ್ಚುಕಮ್ಮಿ 20 ನಿಮಿಷ. ಸುಬ್ಬುಲಕ್ಷ್ಮಿಯವರ ಆ ಸುಪ್ರಭಾತದ ಎಲ್‌ಪಿ ಬಂದದ್ದು 1963ರಲ್ಲಿ, ಅಪ್ಪನ ಟ್ರಂಕಿನಲ್ಲಿ ಅತಿ ಜಾಸ್ತಿ ಸವೆದ ಪ್ಲೇಟು ಅದೇ, ಚರಚರ ಸದ್ದಿನ ನಡುವೆ ಹಾಡು ಹುಡುಕಿಕೊಳ್ಳಬೇಕು. ಅಮ್ಮ ಅದಕ್ಕೇ ನಡೆಯಬೇಕು ಅಂದಳು. ಮೊಬೈಲಲ್ಲಿ ಚೆನ್ನಾಗಿರೋದು ಹಾಕಲಾ ಅಂದರೆ, "ಅದರಲ್ಲಿ ನಮ್ಮ ಚಪ್ಪರ ಎಲ್ಲಿದೆ" ಅಂತ ಕೇಳಿದಳು.

ಮೊಬೈಲಲ್ಲಿ ಹಾಡು ತಾನಾಗೇ ಮುಂದಕ್ಕೆ ಹೋಗುತ್ತೆ. ಇಲ್ಲಿ ಹಾಗಲ್ಲ. ಪ್ಲೇಟು ಮುಗಿದರೆ ಯಾರಾದರೂ ಎದ್ದು ತಿರುವಿ ಹಾಕಬೇಕು. ಆ ಕೆಲಸ ಮೆಲ್ಲಗೆ ಅಮ್ಮನದೇ ಆಯಿತು. ಎದ್ದು ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಅಷ್ಟರಮಟ್ಟಿಗೆ ಉತ್ತರ ಸಿಕ್ಕಿತು.

ಸದ್ದು ಕೇಳಿ ಬಂದವರಿಗೆ ಏನು ಹೇಳಲಿ? ಬೀದಿಯ ಅತ್ತೆಯಂದಿರು ಸಂಜೆ ಸಂಜೆ ಬರತೊಡಗಿದಿರಿ. ಕೋಡುಬಳೆ, ಚಕ್ಕುಲಿ ಎಲ್ಲ ತಂದಿರಿ. ಯಾವ ಹಾಡಿಗೆ ಯಾರ ಮದುವೆಯಲ್ಲಿ ಏನಾಯಿತು ಅಂತ ಕಿತ್ತಾಡಿದಿರಿ. ಅಪ್ಪನ ಜೊತೆ ಹುಡುಗನಾಗಿ ಪ್ಲೇಟು ಹಾಕುತ್ತಿದ್ದ ಮಾವ, ಈಗ ಅವರಿಗೂ ಮೊಮ್ಮಕ್ಕಳು, ತುರುವೇಕೆರೆಯಿಂದ ಬಸ್ಸು ಹತ್ತಿ ಬಂದರು. ಕವರಿನ ಮೇಲಿನ ಸೂಚನೆಗಳೆಲ್ಲ ಅವರಿಗೇ ಬರೆದದ್ದು. ಓದಿ ಓದಿ ನಕ್ಕರು. ನಾಯಿ ಗುರುತಿನ ತಗಡಿನ ಡಬ್ಬಿಯಲ್ಲಿ ಉಕ್ಕಿನ ಮುಳ್ಳು ಬರುತ್ತಿದ್ದ ಕಾಲವನ್ನೂ ಅವರು ಕಂಡವರು. ಕೀಲಿ ಕೊಡುವ ಪೆಟ್ಟಿಗೆಯಲ್ಲಿ ಒಂದು ಮಗ್ಗುಲಿಗೆ ಒಂದು ಮುಳ್ಳು, ಹಳೆಯದನ್ನೇ ಮತ್ತೆ ಹಾಕಿದರೆ ಅಪ್ಪನಿಂದ ತಲೆಗೆ ಮೊಟಕು. ಮಾವಾ, ನೀವು ಬಂದುಹೋದ ರಾತ್ರಿ ಅಮ್ಮ ತಾನಾಗೇ ಕೇಳಿ ಊಟ ಮಾಡಿದಳು.

ಪ್ಲೇಟು ವಾಪಸ್ಸು ತಂದುಕೊಟ್ಟವರೂ ಇದ್ದೀರಿ! ಮದುವೆ ಮನೆಯಲ್ಲೇ ಉಳಿದುಹೋಗಿದ್ದ ಕಾಳಿಂಗರಾಯರ ಒಂದು ಪ್ಲೇಟು, ಮೋಹನಕುಮಾರಿ, ಸೋಹನಕುಮಾರಿಯವರ ಜೊತೆ ಹಾಡಿದ್ದು, ಇಷ್ಟು ವರ್ಷದ ಮೇಲೆ ರೇಷ್ಮೆ ಸೀರೆಯಲ್ಲಿ ಸುತ್ತಿಕೊಂಡು ಬಂತು. ಲೇಬಲ್ಲಿನ ಮೇಲೆ ನಮ್ಮ ಅಂಗಡಿಯ ಸೀಲು ಹಾಗೇ ಇದೆ.

ಪಟ್ಟಿ ಮಾಡಿಕೊಟ್ಟ ಮೈಸೂರಿನ ರಿಟೈರ್ಡ್ ಮೇಷ್ಟ್ರಿಗೆ ದೊಡ್ಡ ನಮಸ್ಕಾರ. ಗಾಂಧಾರಿ ಹಾನಗಲ್ ಅಂತ ಬರೆದ ಪ್ಲೇಟು ಸಿಕ್ಕಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಅದು ನಮ್ಮ ಗಂಗೂಬಾಯಿ ಹಾನಗಲ್ ಅವರೇ, ಶುರುವಿನ ಪ್ಲೇಟುಗಳಲ್ಲಿ ಹೆಸರು ಹೀಗೆ ಬರುತ್ತಿತ್ತು. ಇನ್ನು ನಮ್ಮ ದೇಶದಲ್ಲಿ ಮೊದಮೊದಲು ಪ್ಲೇಟಿಗೆ ಹಾಡಿದ ಗಾಯಕಿ ಗೌಹರ್ ಜಾನ್ ಅವರ ಪ್ಲೇಟು ಇದೆಯಾ ಅಂತ ಕೇಳಿದವರಿಗೆಲ್ಲ ಇಲ್ಲೇ ಉತ್ತರ: ಇಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ಕೊನೆಗೆ ತನ್ನ ಹೆಸರು ತಾನೇ ಕೂಗಿ ಹೇಳಿದ ಆ ಮಹಾತಾಯಿ ಕಡೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ಅವರ ಪ್ಲೇಟು ಹಾಕಿ ತಿಪಟೂರಿನಲ್ಲಿ ಯಾರೂ ಬೀಗರನ್ನು ಊಟಕ್ಕೆ ಕೂರಿಸಿರಲಿಕ್ಕಿಲ್ಲ.

ಮಾರುತ್ತೀರಾ ಅಂತ ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಪ್ಲೇಟಿಗೆ ರೇಟು ಹೇಳಿದರು, ಸುಮಾರಾಗೇ ಹೇಳಿದರು. ಕವರು ಬೇಡ, ಅದರ ಮೇಲೆಲ್ಲ ಗೀಚಿದೆ, ಅದಕ್ಕೆ ಬೆಲೆ ಇಲ್ಲ ಅಂದರು. ವ್ಯವಹಾರ ಅಲ್ಲಿಗೇ ಮುಗಿಯಿತು. ಕಾಫಿ ಕೊಟ್ಟು ಕಳಿಸಿದೆವು.

ಕೊನೆಗೆ ಒಂದು ಕೋರಿಕೆ ಇದೆ, ಥ್ಯಾಂಕ್ಸ್ ಬರಹದಲ್ಲಿ ಕೇಳಬಾರದು, ಆದರೂ ಕೇಳುತ್ತೇನೆ. ಅಪ್ಪನ ಹತ್ತಿರ ನಾಲ್ಕು ಪ್ಲೇಟಿನ ಒಂದು ನಾಟಕದ ಸೆಟ್ ಇತ್ತು. ಅದರಲ್ಲಿ ಮೂರನೆಯದು ಇಲ್ಲ. ಎರಡನೇ ಪ್ಲೇಟಿನ ಕೊನೆಯಲ್ಲಿ ರಾಜ ಕತ್ತಿ ಹಿರಿಯುತ್ತಾನೆ. ನಾಲ್ಕನೆಯದನ್ನು ಹಾಕಿದರೆ ಎಲ್ಲರೂ ಸೇರಿ ಮಂಗಳ ಹಾಡುತ್ತಿದ್ದಾರೆ. ನಡುವೆ ಏನಾಯಿತು ಅಂತ ಅಮ್ಮನಿಗೂ ನೆನಪಿಲ್ಲ, ಮಾವನಿಗೂ ನೆನಪಿಲ್ಲ. ಹೊನ್ನವಳ್ಳಿ, ನೊಣವಿನಕೆರೆ, ಕಿಬ್ಬನಹಳ್ಳಿ ಕಡೆಯವರು ದಯವಿಟ್ಟು ಒಂದು ಸಲ ನಿಮ್ಮ ಅಟ್ಟ ನೋಡಿ. ಸಿಕ್ಕಿದರೆ ನಾಲ್ಕು ಗಂಟೆ ಮೇಲೆ ಬನ್ನಿ, ಅಷ್ಟು ಹೊತ್ತಿಗೆ ಅಮ್ಮ ನಿದ್ದೆಯಿಂದ ಎದ್ದಿರುತ್ತಾಳೆ.