ಪರೀಕ್ಷೆ ನಿನ್ನನ್ನು ‘ಕಿಲ್ಲರ್’ ಎಂದಿತಂತೆ

ಪ್ರೀತಿಯ ಮಗಳೇ,

ಕಂಪ್ಯೂಟರ್ ಆಟ ಆಡುವವರ ಸ್ವಭಾವ ಹೇಳುವ ಆ ಪರೀಕ್ಷೆಯಲ್ಲಿ ನಿನಗೆ ‘ಕಿಲ್ಲರ್’ ಅಂತ ಬಂತು ಎಂದು ಬರೆದಿದ್ದೀಯ. ಕೊನೆಗೆ ‘ನಾನು ಅಷ್ಟು ಕೆಟ್ಟವಳಾ ಅಮ್ಮ?’ ಎಂದು ಬೇರೆ ಕೇಳಿದ್ದೀಯ. ಆ ಒಂದು ಸಾಲಿಗಾಗಿಯೇ ಈ ಪತ್ರ. ಖಂಡಿತ ಅಲ್ಲ ಕಂದ. ಆ ಹೆಸರು ಹುಟ್ಟಿದ ಕಥೆ ಕೇಳು, ನಿನಗೇ ತಿಳಿಯುತ್ತದೆ.

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ‘ಮಡ್’ ಎಂಬ ಆಟ ಶುರುಮಾಡಿದರು. ಅದನ್ನು ಮುಂದೆ ಬೆಳೆಸಿದವರು ರಿಚರ್ಡ್ ಬಾರ್ಟಲ್. ಚಿತ್ರವಿಲ್ಲ, ಸದ್ದಿಲ್ಲ, ಪರದೆಯ ತುಂಬ ಬರೀ ಅಕ್ಷರ. ಆದರೂ ಎಷ್ಟೋ ಜನ ಒಂದೇ ಲೋಕದೊಳಗೆ ಒಟ್ಟಿಗೆ ಓಡಾಡಬಹುದಿತ್ತು. ಜನ ಇಲ್ಲಿಗೆ ಏನು ಬೇಕೆಂದು ಬರುತ್ತಾರೆ ಎಂದು ಅದರ ಮುಂದಿನ ಆವೃತ್ತಿಯ ಹಳೇ ಆಟಗಾರರ ನಡುವೆ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಅದರಿಂದ ಹೊಳೆದದ್ದನ್ನು ಬಾರ್ಟಲ್ 1996ರಲ್ಲಿ ಪ್ರಬಂಧವಾಗಿ ಬರೆದರು. ನಾಲ್ಕು ಬಗೆಯ ಆಟಗಾರರನ್ನು ಇಸ್ಪೀಟಿನ ನಾಲ್ಕು ಜಾತಿಗೆ ಹೋಲಿಸಿದರು.

ಆ ವಿಂಗಡಣೆಯ ತಳದಲ್ಲಿರುವುದು ಎರಡೇ ಪ್ರಶ್ನೆ. ನಿನ್ನ ಗಮನ ಆಟದ ಲೋಕದ ಮೇಲೋ, ಅಲ್ಲಿರುವ ಜನರ ಮೇಲೋ? ಲೋಕವಿರಲಿ, ಜನರಿರಲಿ, ಅವುಗಳ ಮೇಲೆ ಏನಾದರೂ ಮಾಡಿ ತೋರಿಸುವುದು ನಿನಗೆ ಇಷ್ಟವೋ, ಅವುಗಳೊಂದಿಗೆ ಬೆರೆಯುವುದೋ? ಲೋಕವನ್ನು ಗೆಲ್ಲಹೊರಟವರು ಸಾಧಕರು. ಅದರ ಮೂಲೆಮೂಲೆ ಅರಿಯಲು ಹೊರಟವರು ಅನ್ವೇಷಕರು. ಮಾತುಕತೆಗಾಗಿ ಬಂದವರು ಬೆರೆಯುವವರು. ಉಳಿದ ನಾಲ್ಕನೆಯ ಗುಂಪಿನವರು, ತಾವು ಮಾಡಿದ್ದು ಇನ್ನೊಬ್ಬ ಮನುಷ್ಯನಿಗೆ ತಟ್ಟಬೇಕು ಎನ್ನುವವರು. ‘ಕಿಲ್ಲರ್’ ಎಂದದ್ದು ಅವರನ್ನು. ಬಹುಪಾಲು ಇವರು ಕಾಟ ಕೊಡುವವರೇ, ಬಾರ್ಟಲ್ ಅದನ್ನು ಮರೆಮಾಚಿಲ್ಲ. ಆದರೆ ಕೇಳದಿದ್ದರೂ ಮೇಲೆಬಿದ್ದು ಉಪಕಾರ ಮಾಡುವವರನ್ನೂ ಅವರು ಇದೇ ಗುಂಪಿಗೆ ಸೇರಿಸಿದ್ದರು. ಇಲ್ಲಿ ನನಗೆ ನೀನು ಕಂಡೆ! ಹೊಸಬರು ತಂಡಕ್ಕೆ ಬಂದರೆ ಅವರನ್ನು ದರದರ ಎಳೆದುಕೊಂಡು ಹೋಗಿ ಎಲ್ಲ ತೋರಿಸುತ್ತೀಯ, ದಾರಿ ತಪ್ಪಿದರೆ ಗದರುತ್ತೀಯ, ಗೆದ್ದರೆ ಅವರಿಗಿಂತ ಜೋರಾಗಿ ಕೂಗುತ್ತೀಯ. ಜನರ ಮೇಲೆ ನಿನ್ನ ಕೈ ಬಲವಾಗಿಯೇ ಓಡುತ್ತದೆ. ಅದರಲ್ಲಿ ಕೆಡುಕು ನನಗೆ ಕಾಣುವುದಿಲ್ಲ.

ಇನ್ನು ಆ ಪರೀಕ್ಷೆ. ಅದನ್ನು ಮಾಡಿದ್ದು ಬಾರ್ಟಲ್ ಅಲ್ಲ, ಅವರ ಪ್ರಬಂಧ ಓದಿದ ಬೇರೆಯವರು. ಪ್ರತಿ ಪ್ರಶ್ನೆಯಲ್ಲೂ ಎರಡರಲ್ಲಿ ಒಂದನ್ನು ಆರಿಸಲೇಬೇಕು. ನಾಲ್ಕೂ ಬಗೆಯ ಅಂಕ ಕೂಡಿದರೆ ಯಾವಾಗಲೂ ಶೇ. 200 ಬರುತ್ತದೆ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಎರಡೂ ಸಮನಾಗಿ ಇಷ್ಟವಿರುವವಳು ಏನು ಮಾಡಬೇಕು? ನಿಕ್ ಯೀ ಎಂಬ ಸಂಶೋಧಕರು ಸುಮಾರು 3,000 ಆನ್‌ಲೈನ್ ಆಟಗಾರರ ಉತ್ತರಗಳನ್ನು ಲೆಕ್ಕಹಾಕಿ 2006ರಲ್ಲಿ ಪ್ರಕಟಿಸಿದ್ದು ಇದಕ್ಕೆ ಒಳ್ಳೆಯ ಉತ್ತರ. ಸಾಧನೆ, ಜನರ ಒಡನಾಟ, ಕಥೆಯೊಳಗೆ ಮುಳುಗುವ ಸುಖ, ಈ ಮೂರರ ಸೆಳೆತವೂ ಒಬ್ಬರಲ್ಲೇ ಒಟ್ಟಿಗೆ ಹೆಚ್ಚಿರಬಹುದು. ಒಂದು ಹೆಚ್ಚಿದೆ ಎಂದ ಮಾತ್ರಕ್ಕೆ ಇನ್ನೊಂದು ಕಡಿಮೆ ಇರಬೇಕಿಲ್ಲ.

ನನಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ಅದೇ ವರ್ಷ ರಿಚರ್ಡ್ ರಯಾನ್, ಸ್ಕಾಟ್ ರಿಗ್ಬಿ, ಆಂಡ್ರ್ಯೂ ಶಿಬಿಲ್ಸ್ಕಿ ಬರೆದ ಅಧ್ಯಯನ. ನೀನು ಯಾವ ಬಗೆಯವಳು ಎಂದು ಅವರು ಕೇಳುವುದಿಲ್ಲ. ಆಟ ನಿನಗೆ ಏನು ಕೊಡುತ್ತಿದೆ ಎಂದು ಕೇಳುತ್ತಾರೆ. ನನ್ನ ದಾರಿ ನಾನೇ ಆರಿಸಿದೆ, ನನ್ನ ಕೈಲಾಯಿತು, ನನಗೆ ಜೊತೆಗಾರರಿದ್ದಾರೆ. ಈ ಮೂರು ಭಾವಗಳು ಸಿಕ್ಕಷ್ಟೂ ಆಟ ಹಿತವಾಗುತ್ತದೆ, ಮತ್ತೆ ಆಡಬೇಕೆನಿಸುತ್ತದೆ. ಎರಡನೆಯದನ್ನೇ ನೋಡು. ನೀನು ಸರಿಯಾಗಿ ಮಾಡಿದ್ದನ್ನು ಆಟ ಆ ಕ್ಷಣದಲ್ಲೇ ಹೇಳುತ್ತದೆ. ಓದಿನಲ್ಲಿ ಆ ಮಾತು ಕೇಳಲು ತಿಂಗಳುಗಟ್ಟಲೆ ಕಾಯಬೇಕು, ಕೆಲವೊಮ್ಮೆ ಯಾರೂ ಹೇಳುವುದೇ ಇಲ್ಲ. ಬೇಸತ್ತ ದಿನ ನೀನು ಆಟದ ಕಡೆ ಓಡುವುದು ನನಗೆ ಅರ್ಥವಾಗುತ್ತದೆ.

ನನ್ನ ಚಿಂತೆ ಇರುವುದು ಬೇರೆ ಕಡೆ. ದಿನಾ ಹಾಜರಿ ಹಾಕಿದರೆ ಬಹುಮಾನ, ತಪ್ಪಿಸಿದರೆ ನಷ್ಟ ಎನ್ನುವ ಆಟಗಳಿವೆಯಲ್ಲ, ಅಲ್ಲಿ ಈ ಮೂರರಲ್ಲಿ ಒಂದೂ ಸಿಗದೆ ಬರೀ ಕಳೆದುಕೊಳ್ಳುವ ಭಯಕ್ಕೇ ಕೂತಿರುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ಜಾರಿಗೆ ಬಂದಿರುವ ಆಟದ ವ್ಯಸನದ ವಿವರಣೆಯಲ್ಲೂ ದಿನಕ್ಕೆ ಇಷ್ಟೇ ಗಂಟೆ ಎಂಬ ಮಿತಿಯಿಲ್ಲ. ಹತೋಟಿ ತಪ್ಪಿದೆಯೇ, ಉಳಿದೆಲ್ಲ ಹಿಂದೆ ಬಿದ್ದಿದೆಯೇ, ಹಾನಿಯಾಗುತ್ತಿದ್ದರೂ ನಿಲ್ಲಿಸಲಾಗುತ್ತಿಲ್ಲವೇ ಎಂದಷ್ಟೇ ಕೇಳುತ್ತದೆ. ಅದಕ್ಕೇ ಎಷ್ಟು ಹೊತ್ತು ಆಡಿದೆ ಎಂದು ನಾನು ಕೇಳುವುದಿಲ್ಲ.

ಕೇಳಬೇಕೆನಿಸಿರುವುದು ಒಂದೇ. ಈಗ ಆಡುತ್ತಿರುವ ಆಟಗಳಲ್ಲಿ, ಬಹುಮಾನ, ಲೆವೆಲ್ ಎಲ್ಲ ತೆಗೆದುಹಾಕಿದರೂ ನೀನು ಮತ್ತೆ ಹೋಗುವಂಥದ್ದು ಯಾವುದು? ಅಲ್ಲಿ ಏನು ಮಾಡುತ್ತೀಯ, ಯಾರ ಜೊತೆ? ಉದ್ದವಾಗಿ ಬರೆ.

ನಿನ್ನ ಪ್ರೀತಿಯ,
ಅಮ್ಮ