ತಾತನ ಕಾಲು ಬೇರೆ, ನಿನ್ನ ಕಾಲು ಬೇರೆ

ಸಕಲೇಶಪುರ

ಚಿ. ಪ್ರಸನ್ನನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಉಳಿದದ್ದನ್ನೆಲ್ಲ ಓದಿ ಮುಗಿಸಿದೆ. ಕೊನೆಯಲ್ಲಿ ‘ತಾತನ ಹಾಗೆ ನನ್ನ ಕಾಲೂ ಹೋಗುತ್ತಾ ದೊಡ್ಡಪ್ಪ’ ಎಂದು ಕೇಳಿದ್ದೀಯಲ್ಲ, ಅದನ್ನು ದಾಟಿ ಮುಂದೆ ಹೋಗಲು ಆಗಲಿಲ್ಲ. ರಾತ್ರಿ ನಿದ್ದೆಯೂ ಸರಿಯಾಗಿ ಹತ್ತಲಿಲ್ಲ. ನಾನು ಡಾಕ್ಟರಲ್ಲ ಮಗ. ಆದರೆ ಅಪ್ಪಯ್ಯನ ಆ ಕಾಲಿನ ಜೊತೆ ಇದೇ ಮನೆಯಲ್ಲಿ ಬದುಕಿದವನು, ಆಮೇಲೆ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದವನು. ನಿನ್ನದು ಅವರ ಕಾಯಿಲೆಯ ಹಾಗೆ ನನಗೆ ಕಾಣುವುದಿಲ್ಲ.

ಅವರಿಗೆ ಬಂದಿದ್ದು ಇಳಿವಯಸ್ಸಿನಲ್ಲಿ. ಗೇಟಿನಿಂದ ಕಣದವರೆಗೆ ನಡೆಯುವಷ್ಟರಲ್ಲಿ ಎರಡೂ ಕಾಲು ಭಾರವಾಗಿ ಸೆಳೆಯಲು ಶುರುವಾಗುತ್ತಿತ್ತು. ಅಲ್ಲೇ ನಿಂತು ಕಾಫಿ ಮೂಟೆಯ ಮೇಲೆ ಎರಡೂ ಮೊಣಕೈ ಊರಿ ಮುಂದಕ್ಕೆ ಬಾಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಹಲ್ಲು ಕಚ್ಚಿದ್ದ ದವಡೆ ಸಡಿಲವಾಗುತ್ತಿತ್ತು, ಮತ್ತೆ ನಡೆಯುತ್ತಿದ್ದರು. ಬಾಗಿದರೆ ಯಾಕೆ ಹಗುರ ಎಂದು ನನಗೆ ತಿಳಿದಿದ್ದು ಅವರು ಹೋದ ಎಷ್ಟೋ ವರ್ಷದ ಮೇಲೆ. ವಯಸ್ಸಾದಂತೆ ಬೆನ್ನುಮೂಳೆಯೊಳಗೆ ನರಗಳಿರುವ ದಾರಿ ಕಿರಿದಾಗುತ್ತದೆ. ನೆಟ್ಟಗೆ ನಿಂತರೆ ಇನ್ನೂ ಇಕ್ಕಟ್ಟು, ಬಾಗಿದರೆ ತುಸು ಜಾಗ. ನೀನೋ, ಕೂತರೆ ನೋವು, ಬಾಗಿದರೆ ನೋವು, ಕೆಮ್ಮಿದರೆ ಜೀವ ಹೋದ ಹಾಗಾಗುತ್ತದೆ, ನಡೆದಾಡಿದರೆ ವಾಸಿ ಎಂದು ಬರೆದಿದ್ದೀಯ. ಅವರಿಗಿದ್ದದ್ದಕ್ಕೆ ಪೂರಾ ತಿರುಗುಮುರುಗು.

ನಿನ್ನ ವಯಸ್ಸಿನಲ್ಲಿ ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು, ಬಂದರೆ ಸಾಮಾನ್ಯವಾಗಿ ಕಾರಣ ಡಿಸ್ಕ್, ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆತ್ತೆ. ಹಣ್ಣು ಕಾಫಿಯನ್ನು ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಬಿರಿದು ಬೀಜ ಜಾರಿ ಬರುತ್ತದಲ್ಲ, ಹಾಗೆ ಡಿಸ್ಕಿನ ಒಳಗಿನ ಮೆತ್ತನೆಯ ಭಾಗ ಹೊರಗೆ ಬಂದು ನರದ ಬೇರನ್ನು ಒತ್ತುತ್ತದೆ, ಕೆರಳಿಸುತ್ತದೆ. ಆ ನರ ಮೈಯಲ್ಲೇ ಎಲ್ಲಕ್ಕಿಂತ ದಪ್ಪ. ಸೊಂಟದಲ್ಲಿ ಹುಟ್ಟಿ, ಪಿರ್ರೆಯ ಒಳಗಿಂದ ಹಾದು, ತೊಡೆಯ ಹಿಂದೆ ಇಳಿದು ಪಾದದವರೆಗೆ ಹೋಗುತ್ತದೆ. ಅದಕ್ಕೇ ಒತ್ತುವುದು ಸೊಂಟದಲ್ಲಾದರೂ ಉರಿಯುವುದು ಮೀನಖಂಡದಲ್ಲಿ. ನಿನಗೆ ಕಿರುಬೆರಳ ಕಡೆ ಜೋಮು ಎಂದರೆ ಬಹುಶಃ ತೀರ ಕೆಳಗಿನ ಡಿಸ್ಕಿನ ಹತ್ತಿರದ ಬೇರು. ಹೆಬ್ಬೆರಳ ಕಡೆ ಆಗಿದ್ದರೆ ಅದರ ಮೇಲಿನದು ಎನ್ನುತ್ತಾರೆ. ಡಿಸ್ಕಿಲ್ಲದೆಯೂ ಬರುವುದುಂಟು. ಪಿರ್ರೆಯೊಳಗಿನ ಸ್ನಾಯು ಬಿಗಿದು ನರವನ್ನು ಹಿಡಿಯಬಹುದು, ಬೆನ್ನಿನ ಒಂದು ಮೂಳೆ ಇನ್ನೊಂದರ ಮೇಲೆ ಮುಂದಕ್ಕೆ ಜಾರಿರಬಹುದು. ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡು ಕೂರುತ್ತೀಯಲ್ಲ, ಅದನ್ನಾದರೂ ತೆಗೆದಿಡು.

ಇದು ಮನೆತನದಲ್ಲಿ ಬರುತ್ತಾ ಎಂದು ನಿನ್ನ ಭಯ. ಸುಳ್ಳು ಹೇಳಲಾರೆ, ಡಿಸ್ಕ್ ಬೇಗ ಸವೆಯುವುದು ಕೆಲವು ಮನೆಗಳಲ್ಲಿ ಕಾಣುತ್ತದೆ. ಆದರೆ ಸವೆದ ಮಾತ್ರಕ್ಕೆ ಕಾಲು ಹೋಗುವುದಿಲ್ಲ. ನೋವೇ ಇಲ್ಲದ ಎಷ್ಟೋ ಜನರ ಎಂಆರ್‌ಐಯಲ್ಲೂ ಡಿಸ್ಕ್ ಉಬ್ಬಿರುತ್ತದೆ. ಹೊರಗೆ ಬಂದ ಭಾಗ ಎಷ್ಟೋ ಸಲ ತಾನಾಗಿಯೇ ಕರಗುತ್ತದೆ, ಹೆಚ್ಚಿನವರಿಗೆ 6ರಿಂದ 12 ವಾರದೊಳಗೆ ನೋವು ಇಳಿಯುತ್ತದೆ. ರಿಪೋರ್ಟಿನ ದೊಡ್ಡ ದೊಡ್ಡ ಪದ ಓದಿ ಕಂಗಾಲಾಗಬೇಡ.

ತಾತನ ಕಾಲು ಹೋಯಿತು ಎಂದು ನೀವು ಮಕ್ಕಳು ನೋಡಿದಿರಲ್ಲ, ಅದರಲ್ಲಿ ಮಲಗಿದ್ದರ ಪಾಲೂ ಇತ್ತು. ಹಲಗೆಯ ಮೇಲೆ ತಿಂಗಳುಗಟ್ಟಲೆ ಮಲಗಿಸಿದರು, ಆಗ ದೊಡ್ಡ ಡಾಕ್ಟರುಗಳೂ ಅದನ್ನೇ ಹೇಳುತ್ತಿದ್ದರು. ತೊಡೆ ಸೊರಗಿ ಪಂಚೆ ನಿಲ್ಲದ ಹಾಗಾಯಿತು. ವಾಯು ಎಂದರು, ಶನಿ ಎಂದರು. ಡಿಸ್ಕ್ ನರವನ್ನು ಒತ್ತಿ ನಿನ್ನಂಥ ನೋವು ತರುತ್ತದೆ ಎಂದು ಬಾಸ್ಟನ್ನಿನ ಡಾಕ್ಟರುಗಳಾದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲೇ ಬರೆದಿದ್ದರು. ತಾತನದು ಬೇರೆಯದೇ ಆದರೂ, ನಮ್ಮ ಜಗಲಿಗೆ ಬಂದು ನಿಮಗೆ ಇಂಥದ್ದಾಗಿದೆ ರಾಯರೇ ಎಂದು ಬಿಡಿಸಿ ಹೇಳುವವರು ಒಬ್ಬರೂ ಸಿಗಲಿಲ್ಲ. ಏನೆಂದು ತಿಳಿಯದೆ ಹೆದರಿಕೊಂಡೇ ಇದ್ದರು, ಪಾಪ. ನನಗೆ ಈಗಲೂ ಸಂಕಟವಾಗುವುದು ಅವರ ನೋವಿಗಿಂತ ಆ ಹೆದರಿಕೆ ನೆನೆದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಉಪದೇಶ ಎಂದುಕೊಳ್ಳಬೇಡ. ಹಾಸಿಗೆ ಹಿಡಿಯಬೇಡ, ಆದಷ್ಟು ಓಡಾಡು. ಕುರ್ಚಿಯಿಂದ ಆಗಾಗ ಏಳು. ಯಾರ ಕೈಗೂ ಸೊಂಟ ಕೊಟ್ಟು ಲಟಕ್ಕೆನಿಸಿಕೊಳ್ಳಬೇಡ. ಊರಿಗೆ ಬರುವುದಾದರೆ ರೈಲಿನಲ್ಲಿ ಬಾ, ನಡುನಡುವೆ ಎದ್ದು ನಿಲ್ಲಬಹುದು.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೂತ್ರ ಕಟ್ಟಿದರೆ, ಅಥವಾ ಹಿಡಿತ ತಪ್ಪಿದರೆ, ಕೂರುವ ಜಾಗ, ತೊಡೆಸಂದು ಜೋಮು ಹಿಡಿದರೆ, ಎರಡೂ ಕಾಲಿನ ಬಲ ಕುಂದಿದರೆ, ಬೆಳಗಾಗಲಿ ಎಂದು ಕಾಯದೆ ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಇದು ಬಹಳ ಅಪರೂಪ. ಹೆದರಿಸಲು ಹೇಳುತ್ತಿಲ್ಲ, ಕಾಲಿಗೆ ನಿಜವಾದ ಅಪಾಯ ಎಲ್ಲಿದೆ ಎಂದು ಗೊತ್ತಿದ್ದರೆ ಉಳಿದ ನೋವಿಗೆಲ್ಲ ಹೆದರಬೇಕಿಲ್ಲ.

ಈ ಕಾಗದ ತಲುಪಿದ ಕೂಡಲೇ ಗೋಡೆ ಹಿಡಿದು ನೋವಿರುವ ಎಡಗಾಲೊಂದರಲ್ಲೇ ತುದಿಗಾಲ ಮೇಲೆ ನಿಂತು ನೋಡು. ಬಲಗಾಲಿನಷ್ಟೇ ಏಳಲು ಆಗುತ್ತದೋ, ಹಿಮ್ಮಡಿ ಕುಸಿಯುತ್ತದೋ? ಕುಸಿದರೆ ಮುಂದಿನ ವಾರ ಎನ್ನದೆ ಡಾಕ್ಟರಿಗೆ ತೋರಿಸು. ಏನಾಯಿತೆಂದು ನನಗೆ ಫೋನ್ ಮಾಡು, ರಾತ್ರಿ ಎಷ್ಟೊತ್ತಾದರೂ ಸರಿ.

ಇಂತಿ ನಿನ್ನ
ದೊಡ್ಡಪ್ಪ