ತಮಾಷೆ ಅಂದರೆ ಮುಗೀತಾ?

ಸಂಪಾದಕರೇ,

ಸ್ಟಾರ್ಮ್‌ಟ್ರೂಪರ್ಸ್ ಆಫ್ ಡೆತ್, ಅಂದರೆ ಎಸ್.ಓ.ಡಿ. ತಂಡದ ಬಗ್ಗೆ ನಿಮ್ಮ ಸಂಗೀತ ಪುಟದಲ್ಲಿ ಬಂದ ಲೇಖನ ಓದಿದೆ. ಥ್ರಾಷ್ ಮೆಟಲ್ ಎಂಬ ಅಬ್ಬರದ, ವೇಗದ ರಾಕ್‌ಗೆ ಕನ್ನಡ ಪತ್ರಿಕೆಯಲ್ಲಿ ಇಷ್ಟು ಜಾಗ ಸಿಕ್ಕಿದ್ದಕ್ಕೆ ತುಂಬಾ ಖುಷಿಯಾಯಿತು. ಒಂದು ತಿದ್ದುಪಡಿ ಇದೆ. ಅವರ 'ಲೈವ್ ಅಟ್ ಬುಡೋಕಾನ್' ಆಲ್ಬಮ್ ಜಪಾನಿನಲ್ಲಿ ರೆಕಾರ್ಡ್ ಆದದ್ದಲ್ಲ. ಅದು 1992ರಲ್ಲಿ ನ್ಯೂಯಾರ್ಕಿನ ರಿಟ್ಜ್‌ನಲ್ಲಿ ನಡೆದ ಕಾರ್ಯಕ್ರಮ, ಜಪಾನಿನ ಬುಡೋಕಾನ್ ಸಭಾಂಗಣದ ಹೆಸರಷ್ಟೇ ಚೇಷ್ಟೆಗೆ ಇಟ್ಟದ್ದು.

ಲೇಖನದಲ್ಲಿ ಹಾಡಿನ ಸಾಹಿತ್ಯದ ವಿವಾದವೇ ಜಾಸ್ತಿ, ಸಂಗೀತ ಕಡಿಮೆ. 1985ರಲ್ಲಿ ಥ್ರಾಷ್ ಮೆಟಲ್ ತಂಡ ಆಂಥ್ರಾಕ್ಸ್‌ನ ಎರಡನೇ ಆಲ್ಬಮ್‌ಗೆ ತನ್ನ ಗಿಟಾರ್ ಕೆಲಸ ಮುಗಿಸಿ ಸ್ಟುಡಿಯೋದಲ್ಲಿ ಖಾಲಿ ಕೂತಿದ್ದ ಸ್ಕಾಟ್ ಇಯಾನ್, ಸಾರ್ಜೆಂಟ್ ಡಿ ಎಂಬ ಪಾತ್ರದ ಚಿತ್ರ ಗೀಚುತ್ತಾ ಅದರ ಸುತ್ತ ಹಾಡು ಬರೆಯಲು ಶುರುಮಾಡಿದರು. ಡ್ರಮ್ಸ್‌ಗೆ ಚಾರ್ಲಿ ಬೆನಾಂಟೆ, ಬೇಸ್‌ಗೆ ಆಂಥ್ರಾಕ್ಸ್ ಹೊರಹಾಕಿದ್ದ ಡ್ಯಾನ್ ಲಿಲ್ಕರ್, ಹಾಡಲು ಹಾರ್ಡ್‌ಕೋರ್ ಎಂಬ ಬಿರುಸಿನ ಪಂಕ್ ಸಂಗೀತದ ಕಡೆಯ ಬಿಲ್ಲಿ ಮಿಲಾನೋ. ಮೂರೇ ದಿನದಲ್ಲಿ 'ಸ್ಪೀಕ್ ಇಂಗ್ಲಿಷ್ ಆರ್ ಡೈ' (ಇಂಗ್ಲಿಷ್ ಮಾತಾಡು, ಇಲ್ಲವೇ ಸಾಯಿ) ಆಲ್ಬಮ್ ರೆಡಿಯಾಯಿತು. ಇಡೀ ಆಲ್ಬಮ್ ಅರ್ಧ ಗಂಟೆಯೂ ಇಲ್ಲ, ಕೆಲವು ಹಾಡು ಬರೀ ಕೆಲವೇ ಸೆಕೆಂಡ್! ಆದರೆ ಪಂಕ್‌ನ ಗಡಿಬಿಡಿಯೂ ಮೆಟಲ್‌ನ ಭಾರವಾದ ರಿಫ್‌ಗಳೂ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ಒಂದೇ ಹಾಡಿನಲ್ಲಿ ಕೂಡಿ, ಓಡುತ್ತಿದ್ದ ಹಾಡು ಥಟ್ಟನೆ ನಿಧಾನವಾಗಿ, ಗುಂಪು ಡಿಕ್ಕಿ ಹೊಡೆದುಕೊಂಡು ಕುಣಿಯುವ ಮಾಷ್‌ಗೆ ತಿರುಗುವ ಆ ಜಾಗಗಳಿವೆಯಲ್ಲ, ಅವನ್ನು ಆಮೇಲೆ ಎಷ್ಟೋ ತಂಡಗಳು ಎತ್ತಿಕೊಂಡವು. 'ಮಿಲ್ಕ್' ಹಾಡಿನಲ್ಲಿ ಬೆನಾಂಟೆ ಬಾರಿಸಿದ್ದನ್ನು ಅತಿವೇಗದ ಡ್ರಮ್ ಬಡಿತವಾದ ಬ್ಲಾಸ್ಟ್ ಬೀಟ್‌ನ ಮೊದಮೊದಲ ಉದಾಹರಣೆಗಳಲ್ಲಿ ಒಂದು ಅಂತ ಇಂದಿಗೂ ನೆನೆಯುತ್ತಾರೆ. ಇದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಇನ್ನು ಸಾಹಿತ್ಯದ ವಿಷಯ. ಎಲ್ಲಾ ತಮಾಷೆಗೆ ಬರೆದದ್ದು, ಇಯಾನ್ ಸ್ವತಃ ಯಹೂದಿ, ಮುಂದೆ 1991ರಲ್ಲಿ ಕಪ್ಪು ಅಮೆರಿಕನ್ನರ ರ‍್ಯಾಪ್ ತಂಡ ಪಬ್ಲಿಕ್ ಎನಿಮಿ ಜೊತೆ ಆಂಥ್ರಾಕ್ಸ್ ಹಾಡು ಮಾಡಿತು, ಹಾಗಾಗಿ ಆಕ್ಷೇಪ ಬೇಡ ಎಂದು ಲೇಖಕರು ಬರೆದಿದ್ದಾರೆ. ಬರೆದವರ ಮನಸ್ಸಿನಲ್ಲಿ ದ್ವೇಷ ಇರಲಿಲ್ಲ ಅಂತ ನಾನೂ ಒಪ್ಪುತ್ತೇನೆ. ಆದರೆ ಶೀರ್ಷಿಕೆ ಹಾಡು ಹೀಯಾಳಿಸುವುದು ಇಂಗ್ಲಿಷ್ ಬಾರದೆ ಅಮೆರಿಕಕ್ಕೆ ಹೊಟ್ಟೆಪಾಡಿಗೆ ಬಂದವರನ್ನು. ಅವರ ಕೈಯಲ್ಲಿ ಗಿಟಾರೂ ಇರಲಿಲ್ಲ, ಮೈಕೂ ಇರಲಿಲ್ಲ. ಸಾರ್ಜೆಂಟ್ ಡಿ ಒಂದು ಪಾತ್ರ ಅಷ್ಟೇ ಅಂತ ಕವರ್ ನೋಡಿದವರಿಗೆ ಗೊತ್ತಾಗಬಹುದು, ಗುಂಪಿನಲ್ಲಿ ನಿಂತು ಸುಮ್ನೆ ಆ ಸಾಲು ಕೂಗುವವನಿಗೆ ಗೊತ್ತಾಗಲೇಬೇಕು ಅಂತೇನಿಲ್ಲ ಅಲ್ವಾ? ಮಿಲಾನೋ ಅಂತೂ 1987ರಲ್ಲಿ ತಮ್ಮ ಮುಂದಿನ ತಂಡ ಎಂ.ಓ.ಡಿ.ಯ ಆಲ್ಬಮ್‌ನಲ್ಲೂ ಅದೇ ದಾರಿ ಹಿಡಿದರು. 1999ರ ಎಸ್.ಓ.ಡಿ. ಆಲ್ಬಮ್ 'ಬಿಗ್ಗರ್ ದ್ಯಾನ್ ದ ಡೆವಿಲ್' ಹೊತ್ತಿಗೆ ಆ ಕೆಣಕುವಿಕೆ ನನಗೆ ಬರೀ ಅಭ್ಯಾಸದಂತೆ ಕೇಳಿಸಿತು.

ಈ ಆಲ್ಬಮ್ ಯಾರೂ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ನನಗೆ ಇದು ಬಹಳ ಇಷ್ಟ, ಅದಕ್ಕೇ ಇಷ್ಟು ಬರೆದೆ. ಹೊಸದಾಗಿ ಕೇಳುವ ಹುಡುಗ ಹುಡುಗಿಯರಿಗೆ ನಿಮ್ಮ ಲೇಖಕರು ಆ ರಿಫ್‌ಗಳ ಬಗ್ಗೆಯೂ ಹೇಳಲಿ, ಆ ಹಾಡು ಯಾರನ್ನು ಹೀಯಾಳಿಸುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಲಿ.

ಇಂತಿ,
ನಿಮ್ಮ ಓದುಗ